ತಣ್ಣಗಾದ ಬ್ರೇಕು ಹೇಳಿದ ಸುಳ್ಳು

ಕೋವಿಡ್ ಕಳೆದ ಮರುವರ್ಷದ ಮಾತು. ಆಗ ನಾನು ಮೋಟಾರು ವಾಹನ ನಿರೀಕ್ಷಕ, ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಅಪಘಾತವಾದ ಗಾಡಿಗಳನ್ನು ಪೊಲೀಸರು ಠಾಣೆಯ ಆವರಣಕ್ಕೆ ತಂದು ನಿಲ್ಲಿಸಿದ ಮೇಲೆ ನಮ್ಮ ಕೆಲಸ ಶುರು. ಬ್ರೇಕು, ಸ್ಟೀರಿಂಗು, ಟೈರು ನೋಡಿ, ತಪ್ಪು ಯಂತ್ರದ್ದೋ ಮನುಷ್ಯನದ್ದೋ ಎಂದು ಒಂದು ಪುಟದ ವರದಿ ಕೊಡಬೇಕು. ಆ ಒಂದು ಪುಟ ಒಬ್ಬನನ್ನು ಜೈಲಿಗೂ ಕಳಿಸೀತು, ಮನೆಗೂ ಕಳಿಸೀತು. ಬರೆದು ಬರೆದು ನನಗೆ ಅದು ಅರ್ಧ ಗಂಟೆಯ ಕೆಲಸವಾಗಿಬಿಟ್ಟಿತ್ತು, ಸುಳ್ಳೇಕೆ ಹೇಳಲಿ.

ಈರುಳ್ಳಿ ಸುಗ್ಗಿಯ ದಿನಗಳು. ನನ್ನಿವಾಳದ ಬಸವರಾಜಪ್ಪ ಎಂಬುವರ ಹದಿನಾರು ವರ್ಷ ಹಳೆಯ ಪಿಕಪ್ ನಲವತ್ತು ಚೀಲ ಈರುಳ್ಳಿ ಹೇರಿಕೊಂಡು ಬಳ್ಳಾರಿಗೆ ಹೊರಟಿತ್ತು. ಬಿ.ಜಿ. ಕೆರೆಯ ಹತ್ತಿರ, ಹಾಡಹಗಲಲ್ಲಿ, ರಸ್ತೆ ದಾಟುತ್ತಿದ್ದ ವೃದ್ಧರೊಬ್ಬರಿಗೆ ಬಡಿಯಿತು. ಅವರು ಸ್ಥಳದಲ್ಲೇ ತೀರಿಕೊಂಡರು. ಚಾಲಕ ಓಬಳೇಶ ಮೂವತ್ನಾಲ್ಕು ವರ್ಷದವನು, ಹಿಂದೆ ಒಂದು ಗೀರೂ ಮಾಡಿದವನಲ್ಲ. ಬ್ರೇಕ್ ಪೆಡಲ್ ಒತ್ತಿದರೆ ಹತ್ತಿ ತುಳಿದಂತೆ ಕೆಳಕ್ಕೆ ಹೋಯಿತು ಎಂದು ಅವನ ಹೇಳಿಕೆ.

ಮೂರನೆಯ ದಿನ ನಾನು ಠಾಣೆಗೆ ಹೋದಾಗ ಬಸವರಾಜಪ್ಪನವರೂ ಅಲ್ಲಿದ್ದರು. ಅರವತ್ತರ ಆಸುಪಾಸಿನ, ಶೇಂಗಾ, ಈರುಳ್ಳಿ ಬೆಳೆಯುವ ಅನುಕೂಲಸ್ಥ ರೈತರು. ಗ್ಯಾರೇಜಿನ ಮೆಟ್ಟಿಲು ಹತ್ತಿದವರಲ್ಲ. ತಮ್ಮ ಟ್ರ್ಯಾಕ್ಟರು, ಪಂಪು, ಪಿಕಪ್ಪು ಎಲ್ಲವನ್ನೂ ಮನೆಯ ಹುಣಸೆಮರದ ಕೆಳಗೆ ತಾವೇ ಬಿಚ್ಚಿ ಕಟ್ಟುವವರು. ಉಗುರಿನ ಸಂದಿಯ ಗ್ರೀಸೇ ಅದಕ್ಕೆ ಸಾಕ್ಷಿ.

"ಒಂದು ವಾರದ ಹಿಂದೆ ನಾನೇ ಕೈಯಾರೆ ಹೊಸ ಬ್ರೇಕ್ ಲೈನರ್ ಹಾಕೀನಿ ಸಾಹೇಬ್ರೇ. ಬ್ರೇಕು ಕಲ್ಲಿದ್ದಂಗೈತೆ, ನೀವೇ ತುಳುದು ನೋಡ್ರಿ," ಎಂದರು.

ತುಳಿದು ನೋಡಿದೆ. ನಿಜಕ್ಕೂ ಕಲ್ಲಿನಂತಿತ್ತು. ಆವರಣದಲ್ಲಿ ಮೂವತ್ತು ಅಡಿ ಓಡಿಸಿ ಒತ್ತಿದೆ, ಗಾಡಿ ಗಕ್ಕನೆ ನಿಂತಿತು. ಪೆಡಲಿನ ಬಲವನ್ನು ಗಾಲಿಗೆ ಮುಟ್ಟಿಸುವ ದ್ರವ, ಬ್ರೇಕ್ ಫ್ಲೂಯಿಡ್, ಇರುವ ಸಣ್ಣ ಡಬ್ಬಿ ಹೊರಗಿನಿಂದಲೇ ತುಂಬಿದಂತೆ ಕಾಣುತ್ತಿತ್ತು. ಮುಚ್ಚಳ ತೆಗೆಯುವ ಗೋಜಿಗೆ ಹೋಗಲಿಲ್ಲ. "ಬ್ರೇಕ್ ವ್ಯವಸ್ಥೆ ಸುಸ್ಥಿತಿಯಲ್ಲಿದೆ, ಅಪಘಾತಕ್ಕೆ ಯಾಂತ್ರಿಕ ದೋಷ ಕಾರಣವಲ್ಲ" ಎಂದು ಬರೆದು ಸಹಿ ಹಾಕಿದೆ. ತಪ್ಪೆಲ್ಲ ಓಬಳೇಶನ ತಲೆಗೆ ಬಂತು.

ಹನ್ನೆರಡು ದಿನ ಕಳೆದ ಮೇಲೆ ಅವನ ಹೆಂಡತಿ ಮಾರಕ್ಕ ನಮ್ಮ ಕಚೇರಿಗೆ ಬಂದಳು. ವರದಿ ಬದಲಿಸಿ ಎಂದು ಗೋಗರೆಯಲು ಬಂದಿದ್ದಾಳೆಂದು ನಾನು ಮುಖ ಗಂಟಿಕ್ಕಿಕೊಂಡೇ ಕೂತಿದ್ದೆ. ಅವಳು ಕೇಳಿದ್ದೇ ಬೇರೆ.

"ಜಾಮೀನಿನ ಮ್ಯಾಲೆ ಮನೀಗೆ ಬಂದಾರೆ ಸಾರ್. ಮಾತಿಲ್ಲ, ಕತೆಯಿಲ್ಲ. ಕಾಲು ನೋಡ್ಕಂಡು ಕುಂದರ್ತಾರೆ. ಬ್ರೇಕ್ ಒತ್ತಿದ್ದೆ ಅಂತ ನಾನೇ ಅಂದ್ಕಂಡಿದೀನೇನೋ, ಕಾಲು ಎತ್ತಿ ಇಟ್ಟೇ ಇಲ್ಲವೇನೋ ಅಂತಾರೆ. ಕೈ ಬೇರೆ ಸುಟ್ಟೈತೆ, ಮುದ್ದೆ ಮುರಿಯಾಕೂ ಆಗವಲ್ದು, ನಾನೇ ಉಣ್ಣುಸ್ತೀನಿ. ನೀವು ಗಾಡಿ ನೋಡಿದೋರು. ಅವ್ರು ಒತ್ತಿದ್ರೋ ಇಲ್ಲೋ, ಅಷ್ಟು ಹೇಳ್ರಿ."

"ಕೈ ಯಾಕಮ್ಮ ಸುಟ್ಟಿತು?" ಎಂದೆ.

"ದಾರ್ಯಾಗೆ ಸುಟ್ಟ ವಾಸ್ನೆ ಬಂತಂತೆ. ನಿಲ್ಸಿ ಗಾಲಿ ಮುಟ್ಟಿದ್ರೆ ಕೆಂಡ ಆಗಿತ್ತಂತೆ. ಧಣೇರಿಗೆ ಫೋನ್ ಮಾಡಿದ್ರೆ, ಹೊಸ ಲೈನರ್ ವಾಸ್ನೆ, ಏನಾಗಲ್ಲ ನಡಿ ಅಂದ್ರಂತೆ. ಉಂಡ ಮನೆ, ಅವ್ರ ಹೆಸರು ತೆಗೀಬ್ಯಾಡ ಅಂತ ನನಿಗೂ ಆಣೆ ಹಾಕ್ಯಾರೆ."

ಆಗ ನನಗೆ ಹೊಳೆಯಿತು. ಬ್ರೇಕು ಕಚ್ಚಿಕೊಂಡೇ ಇದ್ದರೆ ಗಾಲಿ ಕಾಯುತ್ತದೆ. ಕಾದು ಕಾದು ಒಳಗಿನ ಫ್ಲೂಯಿಡ್ ಕುದಿದು ಆವಿಯಾಗುತ್ತದೆ. ಆವಿಯನ್ನು ಎಷ್ಟು ಒತ್ತಿದರೂ ಬಲ ಗಾಲಿಗೆ ಮುಟ್ಟುವುದಿಲ್ಲ, ಪೆಡಲ್ ಸುಮ್ಮನೆ ಕೆಳಗಿಳಿಯುತ್ತದೆ. ತಣ್ಣಗಾದರೆ ಆವಿ ಮತ್ತೆ ದ್ರವವಾಗಿ, ಪೆಡಲ್ ಮೊದಲಿನಂತೆ ಗಟ್ಟಿ. ಇದು ನನಗೆ ತಿಳಿಯದ ವಿದ್ಯೆಯೇನಲ್ಲ, ಪರೀಕ್ಷೆಗೆ ಓದಿ ಪಾಸಾದದ್ದೇ. ಆದರೂ ಮೂರು ದಿನ ತಣ್ಣಗೆ ನಿಂತ ಗಾಡಿಯ ಮಾತನ್ನು ನಂಬಿ ಮನುಷ್ಯನ ಮಾತನ್ನು ಸುಳ್ಳು ಮಾಡಿದ್ದೆ.

ಮರುದಿನ ಪೊಲೀಸರ ಅನುಮತಿ ಪಡೆದು, ಬಸವರಾಜಪ್ಪನವರನ್ನೂ ಓಬಳೇಶನನ್ನೂ ಠಾಣೆಗೆ ಕರೆಸಿದೆ. ಜಾಕ್ ಕೊಟ್ಟು ಮುಂದಿನ ಗಾಲಿಗಳನ್ನು ಎತ್ತಿಸಿ, ಪೆಡಲನ್ನು ಹದಿನೈದು ಸಲ ತುಳಿದು ಬಿಟ್ಟೆ. ಗಾಲಿ ಕೈಯಲ್ಲಿ ತಿರುಗಲಿಲ್ಲ. ಡಬ್ಬಿಯ ಮುಚ್ಚಳ ತೆಗೆದರೆ ಅದರ ರಬ್ಬರು ನೆನೆಸಿದ ಕಡಲೆಯಂತೆ ಊದಿತ್ತು. ಒಂದಿಷ್ಟು ಫ್ಲೂಯಿಡನ್ನು ನೀರಿನ ಬಾಟಲಿಗೆ ಹಾಕಿ ಅಲುಗಾಡಿಸಿದೆ. ಬ್ರೇಕ್ ಫ್ಲೂಯಿಡ್ ನೀರಿನಲ್ಲಿ ಬೆರೆತುಹೋಗುತ್ತದೆ, ಎಣ್ಣೆ ಬೆರೆಯುವುದಿಲ್ಲ. ಬಾಟಲಿಯಲ್ಲಿ ಒಂದು ಬೆರಳು ದಪ್ಪ ಎಣ್ಣೆ ತೇಲಿತು.

"ಲೈನರ್ ಬದಲಿಸಿದಾಗ ಡಬ್ಬಿಗೆ ಏನು ಹಾಕಿದ್ರಿ ಯಜಮಾನ್ರೇ?"

"ಟ್ರ್ಯಾಕ್ಟರ್ ಎಣ್ಣೆ," ಎಂದರು ಅವರು, ಅದರಲ್ಲೇನು ವಿಶೇಷ ಎಂಬಂತೆ. "ಹೊಸ ಟ್ರ್ಯಾಕ್ಟರಿನ ಬ್ರೇಕು ಎಣ್ಣ್ಯಾಗೇ ಮುಳುಗಿರ್ತೈತಲ್ರಿ. ಅದಕ್ಕಾಗೋದು ಇದಕ್ಕಾಗಲ್ವಾ?"

ಟ್ರ್ಯಾಕ್ಟರಿಗೆ ಅದು ಸರಿ, ಅದರ ಬ್ರೇಕು ಇರುವುದೇ ಹಾಗೆ. ಪಿಕಪ್ಪಿನಲ್ಲಿ ಒತ್ತಡವನ್ನು ಹಿಡಿದಿಡುವುದು ಪುಟ್ಟ ಬಟ್ಟಲಿನಂಥ ರಬ್ಬರ್ ಬಿರಡೆಗಳು. ಆ ಎಣ್ಣೆ ತಗುಲಿದರೆ ಅವು ಊದಿಕೊಂಡು, ಫ್ಲೂಯಿಡ್ ವಾಪಸ್ ಬರುವ ಸೂಜಿಮೊನೆಯಷ್ಟು ರಂಧ್ರವನ್ನು ಮುಚ್ಚಿಬಿಡುತ್ತವೆ. ಕಾಲು ತೆಗೆದರೂ ಬ್ರೇಕು ಬಿಡುವುದಿಲ್ಲ. ಇದನ್ನು ವಿವರಿಸಿದಾಗ ಬಸವರಾಜಪ್ಪನವರ ಮುಖ ಕೆಂಪಾಯಿತು.

"ಸುಸ್ಥಿತೀಲೈತೆ ಅಂತ ಬರ್ಕೊಟ್ಟೋರು ನೀವೇ ಅಲ್ವೇನ್ರಿ?"

ನಾಚಿಕೆಯಾಯಿತು. "ಹೌದು, ನನ್ನದೂ ತಪ್ಪೇ. ತಿದ್ದಿ ಬರೆಯುತ್ತೇನೆ," ಎಂದೆ.

ಅವರು ಆ ಬಾಟಲಿಯನ್ನು ಕೈಗೆತ್ತಿಕೊಂಡು ನೋಡಿದರು. ಅನುಕೂಲಸ್ಥರು, ಒಳ್ಳೆಯ ವಕೀಲರನ್ನು ಹಿಡಿದು ಫೋನಿನ ವಿಷಯ ಮುಚ್ಚಿಹಾಕಬಹುದಿತ್ತು. ಹಾಗೆ ಮಾಡಲಿಲ್ಲ. ಅಲ್ಲಿದ್ದ ಪೊಲೀಸ್ ಇನ್‌ಸ್ಪೆಕ್ಟರ ಕಡೆ ತಿರುಗಿ, "ಬರ್ಕಳ್ರಿ. ಇವ್ನು ದಾರ್ಯಾಗೆ ನಿಲ್ಸಿ ಕೇಳಿದ್ದ. ನಡಿಯಲೇ ಅಂದೋನು ನಾನು. ಎಣ್ಣೆ ಹಾಕಿದ್ದೂ ನಾನೇ," ಎಂದರು. ಆಮೇಲೆ ಹೋಗಿ ಠಾಣೆಯ ಕಟ್ಟೆಯ ಮೇಲೆ ಕೂತರು.

ಓಬಳೇಶ ಅಷ್ಟು ಹೊತ್ತೂ ಬ್ಯಾಂಡೇಜಿನ ಕೈ ಎದೆಗೊತ್ತಿಕೊಂಡು ನಿಂತಿದ್ದ. ಧಣಿಯ ಮೇಲೆ ಸಿಟ್ಟಿಲ್ಲ, ನನ್ನ ಮೇಲೂ ಇಲ್ಲ. "ಹಂಗಾರೆ ನಾನು ಒತ್ತಿದ್ದೆ ಅಲ್ರಾ ಸಾರ್?" ಎಂದು ಮೆಲ್ಲಗೆ ಕೇಳಿದ. "ಒತ್ತಿದ್ದೆಯಪ್ಪಾ," ಎಂದೆ. ಹೋ ಎಂದು ಅತ್ತುಬಿಟ್ಟ.

ತಿದ್ದಿದ ವರದಿ ಕೊಟ್ಟೆ. ಮೊದಲ ವರದಿಗಾಗಿ ಮೇಲಧಿಕಾರಿಗಳು ಮೆಮೊ ಕೊಟ್ಟರು, ಅದು ನ್ಯಾಯವೇ. ಓಬಳೇಶನ ಮೇಲಿನ ಕೇಸು ಬಿದ್ದುಹೋಗಿ, ಅದು ಬಸವರಾಜಪ್ಪನವರ ಕಡೆಗೆ ತಿರುಗಿತು. ಗಾಡಿಯ ಕೆಲಸ ತಾವೇ ಮಾಡಿಕೊಳ್ಳುವವರನ್ನು ನಾನು ಇಂದಿಗೂ ಬೈಯುವುದಿಲ್ಲ. ಗೊತ್ತಿಲ್ಲದ್ದನ್ನು ಬಸವರಾಜಪ್ಪನವರು ಕೇಳಲಿಲ್ಲ. ಗೊತ್ತಿದ್ದ ನಾನು ನೋಡಲಿಲ್ಲ. ಯಾವುದು ದೊಡ್ಡ ತಪ್ಪು?

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆ ನನಗೆ ಅರ್ಥವಾದದ್ದು ಆ ವಯಸ್ಸಿನಲ್ಲಿ. ನಿವೃತ್ತಿಯವರೆಗಿನ ಪ್ರತಿ ವರದಿಗೂ ಮೊದಲು ಚಾಲಕನನ್ನು ಎದುರಿಗೆ ಕೂರಿಸಿ, ದಾರಿಯಲ್ಲಿ ಏನೇನಾಯಿತು ಎಂದು ಕೇಳಿಯೇ ಪೆನ್ನು ಹಿಡಿದೆ. ಹಾಗೆ ಬರೆದ ವರದಿಗಳು ಎರಡು ವರ್ಷದವು ಮಾತ್ರ. ಅದಕ್ಕೂ ಹಿಂದಿನ ಇಪ್ಪತ್ತೆರಡು ವರ್ಷ ನಾನು ತಣ್ಣನೆಯ ಗಾಡಿಗಳನ್ನೇ ಕೇಳಿ ಬರೆದಿದ್ದೆ. ಅವುಗಳ ಚಾಲಕರಲ್ಲಿ ಎಷ್ಟು ಜನ ನಿಜವಾಗಿಯೂ ಬ್ರೇಕು ಒತ್ತಿದ್ದರೋ, ನನಗೆ ತಿಳಿಯದು.