ಅತ್ತೆಯ ದೋಣಿಯಲ್ಲಿ ಒಂದು ಹುಳ

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಹಾಯಿದೋಣಿಯಲ್ಲಿ ವಾಸವಾಗಿದ್ದಾಳೆ. ಪ್ರವಾಸಕ್ಕಲ್ಲ, ಸಂಸಾರಕ್ಕೇ. ಮಾವ ತೀರಿಕೊಂಡ ಮೇಲೂ ಜಾಗ ಬಿಟ್ಟು ಕದಲಲಿಲ್ಲ. ಹರಿದ ಹಾಯಿ ಹೊಲಿದು ಕೊಡುವುದು ಅವಳ ಕಸುಬು. ಹೊಲಿಗೆ ಯಂತ್ರ, ಒಲೆ, ಮಂಚ ಎಲ್ಲವೂ ಒಂದೇ ಕೋಣೆಯಲ್ಲಿ. ಒಳಗೆ ಹೋಗಲು ತಲೆ ಬಗ್ಗಿಸಬೇಕು. ಅತ್ತೆ ತಲೆ ಬಗ್ಗಿಸುವುದು ಅಲ್ಲೊಂದೇ ಕಡೆ.

ಅವಳನ್ನು ದಡಕ್ಕೆ ಎಳೆದು ತರಲು ಅಪ್ಪ ಹಟ ಹಿಡಿದಿದ್ದ. "ಸೊಳ್ಳೆ, ಜಿರಳೆ ಮಧ್ಯೆ ಎಷ್ಟು ದಿನ ಇರ್ತೀಯಕ್ಕಾ? ಜ್ವರ ಬಂದು ಮಲಗಿದ್ರೆ ನೋಡೋರ್ಯಾರು?"

ಕೇಳಿ ಕೇಳಿ ಅತ್ತೆಗೆ ರೇಗಿತು. "ನನ್ನ ದೋಣಿ ಒಳಗೆ ಒಂದೇ ಒಂದು ಹುಳ ತೋರ್ಸು. ದೋಣಿ ಮಾರಿ ನಿನ್ನ ಮನೆಗೆ ಬರ್ತೀನಿ. ಸಿಗ್ಲಿಲ್ಲ ಅಂದ್ರೆ ಬಾಯಿ ಮುಚ್ಕೊಂಡಿರ್ಬೇಕು."

ಭಾನುವಾರ ಸಂಜೆ ಅಪ್ಪ ಟಾರ್ಚು, ಬಟ್ಟೆಚೀಲ ಹಿಡಿದು ಸಣ್ಣ ದೋಣಿಯಲ್ಲಿ ಹೊರಟ, ಹುಟ್ಟು ಹಾಕಲು ನಾನು.

ಅತ್ತೆ ದೋಣಿಯನ್ನು ಜೆಟ್ಟಿಗೆ ಕಟ್ಟುವುದೇ ಇಲ್ಲ. ಕಟ್ಟಿದ ಹಗ್ಗದ ಮೇಲೇ ಇರುವೆ, ಜಿರಳೆ ನಡೆದು ಬರುತ್ತವಂತೆ. ಕೊಲ್ಲಿಯ ನಡುವೆ, ಸೊಳ್ಳೆಗೆ ಹಾರಲು ಬಿಡದಂತೆ ಗಾಳಿ ಬೀಸುವ ಕಡೆ ಲಂಗರು ಹಾಕುತ್ತಾಳೆ. ಕಿಟಕಿ, ಬಾಗಿಲಿಗೆಲ್ಲ ತಾನೇ ಹೊಲಿದ ಬಲೆಪರದೆ. ಗಾಳಿಗೆ ಏಳಬಾರದೆಂದು ಪರದೆಯ ಅಂಚಿನೊಳಗೆ ಸಣ್ಣ ಸರಪಳಿ ಸೇರಿಸಿದ್ದಾಳೆ. ಪರದೆ ಇಳಿಸದೆ ದೀಪ ಹಚ್ಚುವುದಿಲ್ಲ. ತರಕಾರಿ ತೊಳೆಯದೆ ಒಳಗೆ ಬರುವಂತಿಲ್ಲ. ರಟ್ಟಿನ ಡಬ್ಬವಂತೂ ದೋಣಿ ಹತ್ತುವಂತೆಯೇ ಇಲ್ಲ, ಅದರ ಮಡಿಕೆಗಳಲ್ಲಿ ಜಿರಳೆ ಮೊಟ್ಟೆ ಅಂಟಿರುತ್ತದೆ.

ಅಪ್ಪ ಮಂಚದ ಕೆಳಗೆ ತೂರಿದ, ಒಲೆಯ ಹಿಂದೆ ಇಣುಕಿದ, ಯಂತ್ರವನ್ನೇ ಎತ್ತಿ ನೋಡಿದ. ಏನೂ ಸಿಗಲಿಲ್ಲ. ಮುಖ ಸಣ್ಣದಾಯಿತು. ರಾಜಿ ಮಾಡಿಕೊಳ್ಳುವವನಂತೆ ಬಟ್ಟೆಚೀಲದಿಂದ ಹೊಸ ಫ್ಲಾಸ್ಕು ತೆಗೆದು, "ನಿಂಗೇ ತಂದೆ" ಅಂದ. ಅದು ಯಾರೋ ಕೊಟ್ಟು, ನಮ್ಮ ಅಟ್ಟದಲ್ಲಿ ಬಿದ್ದಿದ್ದ ಉಡುಗೊರೆ. ಅತ್ತೆ ಚಹಾ ಸೋಸಿ ಕೊಟ್ಟಳು.

ಅರ್ಧ ಕುಡಿದಿರಲಿಲ್ಲ, ಹೊಲಿಗೆಗೆ ಹರಡಿದ್ದ ಬಿಳಿ ಹಾಯಿಯ ಮೇಲೆ ಜಿರಳೆಯೊಂದು ಮೀಸೆ ಆಡಿಸುತ್ತ ಬಂತು.

"ಸಿಕ್ತು!" ಅಪ್ಪ ಎಗರಿದ ರಭಸಕ್ಕೆ ತಲೆ ಚಾವಣಿಗೆ ಬಡಿಯಿತು.

ಅತ್ತೆಯ ಮುಖ ಬಿಳಿಚಿಕೊಂಡಿತು. ಅವಳ ಮನೆ ಹೋಯಿತಲ್ಲ ಎಂದುಕೊಂಡೆ. ಅತ್ತೆ ನೇರವಾಗಿ ಅಪ್ಪನ ಚೀಲಕ್ಕೆ ಕೈ ಹಾಕಿದಳು. ಫ್ಲಾಸ್ಕಿನ ರಟ್ಟಿನ ಡಬ್ಬ ಅಲ್ಲೇ ಇತ್ತು. ಮಡಿಕೆ ಬಿಡಿಸಿ ಅಪ್ಪನ ಟಾರ್ಚಿನ ಬೆಳಕಿಗೆ ಹಿಡಿದಳು: ಒಳಗೆ ಜಿರಳೆಯ ಕಂದು ಮೊಟ್ಟೆಗಳು.

"ಅಪ್ಪಾ, ಇದು ನಮ್ಮ ಮನೇದೇ," ಅಂದೆ.

"ಎಲ್ಲಿದ್ದಾದ್ರೇನು? ಸಿಕ್ಕಿದ್ದು ಇಲ್ಲಿ ತಾನೆ?" ಅಪ್ಪ ತಲೆ ಉಜ್ಜಿಕೊಳ್ಳುತ್ತ ಗೊಣಗಿದ.

ಅತ್ತೆ ಚಪ್ಪಲಿಯಿಂದ ಒಂದೇಟು ಹಾಕಿ, ಸತ್ತ ಜಿರಳೆಯನ್ನು ಡಬ್ಬದೊಳಗೆ ಹಾಕಿದಳು.

"ಹೌದು, ಇಲ್ಲೇ ಸಿಕ್ತು. ಕೊಟ್ಟ ಮಾತು ತಪ್ಪೋಳಲ್ಲ ನಾನು, ಬರ್ತೀನಿ," ಅಂದಳು. ಅಪ್ಪನ ಮುಖ ಅರಳಿತು. "ಆದ್ರೆ ಹುಳದ ಮನೇಲಿ ನಂಗಿರೋಕಾಗಲ್ಲ. ನಿನ್ನ ಮನೇಲಿ ಒಂದೇ ಒಂದು ಹುಳ ಇಲ್ಲ ಅಂತ ತೋರ್ಸು, ಅವತ್ತೇ ದೋಣಿ ಮಾರ್ತೀನಿ."

ಅಪ್ಪ ಟಾರ್ಚು ಆರಿಸಿ ಚೀಲಕ್ಕೆ ಹಾಕಿದ.

ನಮ್ಮನ್ನು ಸಣ್ಣ ದೋಣಿಗೆ ಇಳಿಸಿ, ಡಬ್ಬವನ್ನು ಅಪ್ಪನ ತೊಡೆಯ ಮೇಲಿಟ್ಟಳು. "ಯಾರೂ ಇಲ್ಲ ಅಂತ ಇಲ್ಲಿದ್ದೀನಿ ಅನ್ಕೊಂಡ್ಯಾ? ನಂಗೆ ಇಲ್ಲೇ ಬೇಕು ಕಣೋ."

ನಾನು ಹುಟ್ಟು ಹಾಕಿದೆ. ಹಿಂದೆ ಸರಪಳಿ ಸದ್ದು ಮಾಡುತ್ತ ಪರದೆ ಇಳಿಯಿತು, ಆಮೇಲೆ ದೀಪ ಹತ್ತಿತು.