ಬೀಗದ್ದಲ್ಲ, ಎದೆಯದು

ವಿನೋಬನಗರದ ಎಸ್‌ಟಿಡಿ ಬೂತಿನ ಪಕ್ಕ ಬೀಗ ರಿಪೇರಿ ಮಾಡುತ್ತಿದ್ದವರ ಹೃದಯದಲ್ಲಿ ಸೋರುತ್ತಿದ್ದ ಕವಾಟ ತೆಗೆದು ಡಾಕ್ಟರು ಲೋಹದ್ದು ಕೂಡಿಸಿದ್ದರು. ಅದು ಬಡಿತಕ್ಕೊಮ್ಮೆ ಟಕ್ ಎಂದು ಮುಚ್ಚಿಕೊಳ್ಳುವುದು ಎದುರು ಕೂತವರಿಗೂ ಕೇಳುತ್ತಿತ್ತು.

ಕೀಲಿ ಕಳೆದ ಬೀಗವನ್ನು ಅವರು ಕಿವಿಗಾನಿಸಿ, ತಂತಿ ಆಡಿಸಿ, ಒಳಗಿನ ಸದ್ದು ಕೇಳಿಯೇ ತೆಗೆಯುವವರು. ಈಗ ಎರಡೂ ಸದ್ದು ಕಲೆಸಿಹೋಗುತ್ತಿದ್ದವು.

"ತಡೀರಿ, ಇದು ನಂದು, ಬೀಗದ್ದಲ್ಲ" ಎನ್ನುವರು. ನಾವು ಗಿರಾಕಿಗಳು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು.

ಒಂದು ಮಧ್ಯಾಹ್ನ ಅವ್ವನ ಟ್ರಂಕಿನ ಬೀಗ ಒಯ್ದೆ. ಅವರು ಗೋಡೆಗೊರಗಿ, ಬೀಗ ಕಿವಿಗಿಟ್ಟು ಕಣ್ಣು ಮುಚ್ಚಿದರು.

"ಇದು ನಂದು," ಎಂದರು. "ಇದೂ ನಂದೇ."

ಆಮೇಲೆ ಟಣ್ಣನೆ ಕೊಂಡಿ ಮೇಲೆದ್ದಿತು.

"ಬಿಟ್ಕೊಂತು ನೋಡ್ರಿ! ಈ ಸಲ ಎಷ್ಟು ಚೊಕ್ಕ ಕೇಳ್ತು!" ಎಂದೆ.

ಅವರು ಬೀಗವನ್ನು ಕಿವಿಯಿಂದ ಇಳಿಸಲಿಲ್ಲ. ಅಂಗಡಿಯಲ್ಲಿ ಬೇರೆ ಯಾವ ಸದ್ದೂ, ಆ ಟಕ್ ಕೂಡ, ಉಳಿದಿರಲಿಲ್ಲ.