ಅಪ್ಪನ ತಾಮ್ರದ ಮೊಳೆ

ನಾನು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಮನೆಯಲ್ಲಿ ಎಲ್ಲರೂ ಇದನ್ನು ಹೇಳಿ ನಗಾಡುತ್ತಾರೆ, ನಾನೂ ನಗುತ್ತೇನೆ. ಅಣ್ಣನ ಜೀಪಿನ ಮಾತು ಬಂದರೆ ಮಾತ್ರ ಎದ್ದು ಹೊರಗೆ ಹೋಗುತ್ತೇನೆ.

ಅಣ್ಣ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮುಂಬೈಯ ಹೋಟೆಲಿನಲ್ಲಿ ಒಲೆಯ ಮುಂದೆ ನಿಂತವ. ನನ್ನ ಓದು, ತಂಗಿಯ ಮದುವೆ ಎಲ್ಲ ಅವನ ಬೆವರಿನಲ್ಲೇ ಆದದ್ದು. ಉಪ್ಪುಂದಕ್ಕೆ ವಾಪಸು ಬಂದ ಮೇಲೆ, ತೊಂಬತ್ತೊಂಬತ್ತರಲ್ಲಿ, ಕೊಕ್ಕರ್ಣೆ ಕಡೆ ಯಾರದೋ ಕೊಟ್ಟಿಗೆಯಲ್ಲಿ ಬಿದ್ದಿದ್ದ ಹಳೇ ಜೀಪು ತಂದ. ತನಗೆ ಅಂತ ಅವ ತಂದುಕೊಂಡದ್ದು ಅದೊಂದೇ. ಒಳಗಿನ ಚೌಕಟ್ಟು ಕಬ್ಬಿಣ, ಮೇಲಿನ ತಗಡೆಲ್ಲ ಅಲ್ಯೂಮಿನಿಯಂ. ತಗಡು ಬಿಚ್ಚಿ, ಚೌಕಟ್ಟಿನ ತುಕ್ಕು ಕೆರೆದು ಬಣ್ಣ ಹೊಡೆಯುವಾಗ ಬೇಸಗೆ ಮುಗಿದಿತ್ತು.

ಇನ್ನು ತಗಡು ವಾಪಸು ಕೂರಿಸಬೇಕು. ಕುಂದಾಪುರದ ಗ್ಯಾರೇಜಿನವರು ಹೇಳಿದರೆಂದು ಅಣ್ಣ ಒಂದು ಪೊಟ್ಟಣ ಅಲ್ಯೂಮಿನಿಯಂ ರಿವೆಟ್ ತಂದ. ನಾನು ಒಂದನ್ನು ಇಕ್ಕಳದಲ್ಲಿ ಒತ್ತಿದೆ, ಬಾಗಿಯೇ ಹೋಯಿತು. ನಮ್ಮ ಅಪ್ಪ ದೋಣಿ ಕಟ್ಟುವವರು. ದೋಣಿಯ ಹಲಗೆಗೆ ತಾಮ್ರದ ಮೊಳೆಯೇ ಆಗಬೇಕು, ಉಪ್ಪುನೀರಿಗೆ ಅದು ಜಗ್ಗುವುದಿಲ್ಲ. ಅಪ್ಪ ತೀರಿಕೊಂಡಾಗ ಉಳಿದ ಒಂದು ಡಬ್ಬಿ ಮೊಳೆ ಅಟ್ಟದಲ್ಲಿತ್ತು, ಇಳಿಸಿ ತಂದೆ. ಕಡಲಲ್ಲೇ ನಿಲ್ಲುವ ಮೊಳೆ ಜೀಪಿನಲ್ಲಿ ನಿಲ್ಲದೇ?

"ಗ್ಯಾರೇಜಿನವ್ರ್ ಬೇರೆ ಲೋಹ ಬ್ಯಾಡ ಅಂದಿರ್. ಒಂದ್ ಸಲ ಕೇಂಬ ಮಾರಾಯ," ಎಂದ ಅಣ್ಣ.

"ಎಂತ ಕೇಂಬುದ್? ಅಪ್ಪನಿಗಿಂತ ಅವ್ರಿಗೆ ಹೆಚ್ಚ್ ಗೊತ್ತಾ? ಮುಂಬೈಯಲ್ಲಿ ಇಡ್ಲಿ ಬೇಯಿಸಿದವ ನಂಗೆ ಹೇಳುಕ್ ಬರ್ಬೇಡ."

ಬಾಯಿಂದ ಜಾರಿಯೇ ಹೋಯಿತು. ಆ ಇಡ್ಲಿಯಲ್ಲೇ ನಾನು ಓದಿದ್ದು. ಅಣ್ಣ ರಿವೆಟ್ ಪೊಟ್ಟಣ ಕಿಸೆಗೆ ಹಾಕಿ, ಜೀಪಿನ ಒಳಗೆ ಕೂತು ಮೊಳೆಯ ತುದಿಗೆ ಆನಿಸುವ ಕಬ್ಬಿಣದ ಗಟ್ಟಿ ಹಿಡಿದ. ನಾನು ಹೊರಗಿಂದ ಒಂದೊಂದೇ ಮೊಳೆ ತೂರಿಸಿದೆ, ಅವ ಒಳಗಿನ ತುದಿ ಕತ್ತರಿಸಿ ಗಟ್ಟಿ ಆನಿಸಿದ, ನಾನು ಬಡಿದೆ.

ಒಂದು ವರ್ಷ ಚಂದ ಓಡಿತು. ಅಣ್ಣ ಶಿರೂರಿನ ತನ್ನ ಮಗಳ ಮನೆಗೆ ಅತ್ತಿಗೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಎರಡನೇ ಮಳೆಗಾಲ ಕಳೆದಾಗ ಪ್ರತಿ ಮೊಳೆಯ ಸುತ್ತ ಅಕ್ಕಿಹಿಟ್ಟಿನ ಹಾಗೆ ಬಿಳೀ ಪುಡಿ. ತಾಮ್ರಕ್ಕೆ ಏನೂ ಆಗಿರಲಿಲ್ಲ. ತಾಮ್ರ ತಾಗಿದಲ್ಲಿ ಉಪ್ಪಿನ ಪಸೆ ಸೇರಿ ಅಲ್ಯೂಮಿನಿಯಮ್ಮೇ ಕರಗಿತ್ತು. ತೂತು ಬೆರಳು ಹೋಗುವಷ್ಟಾಯಿತು. ಕೊನೆಗೆ ಬೈಂದೂರಿನ ಹತ್ತಿರ ಓಡುವಾಗಲೇ ಒಂದು ಬದಿಯ ತಗಡು ಕಳಚಿ ರಸ್ತೆಗೆ ಬಿತ್ತು.

ಕೇಳಿದವರಿಗೆಲ್ಲ ಅಣ್ಣ ಒಂದೇ ಮಾತು ಹೇಳಿದ: "ಕಡ್ಲ್ ಗಾಳಿ ಕಾಣಿ, ಎಂತದ್ದೂ ಉಳೂದಿಲ್ಲೆ." ಪಕ್ಕದಲ್ಲಿ ನಿಂತ ನಾನು ಹೌದು ಹೌದೆಂದು ತಲೆ ಆಡಿಸಿದೆ. ಆ ತಲೆ ಆಡಿಸಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಜೀಪು ಗುಜರಿಗೆ ಹೋದ ದಿನ ಅಣ್ಣ ಅಪ್ಪನ ಡಬ್ಬಿ ತಂದು ನನ್ನ ಕೈಗೆ ಕೊಟ್ಟ. ಜೀಪಿನಿಂದ ತುಂಡು ಮೊಳೆಗಳನ್ನೆಲ್ಲ ಕಿತ್ತು, ಹುಳಿ ಹಾಕಿ ತಿಕ್ಕಿ ಹೊಳೆಯಿಸಿದ್ದ.

"ಅಪ್ಪಂದಲ್ದಾ, ಬಿಸಾಡುಕ್ ಮನಸ್ ಬರ್ಲಿಲ್ಲೆ."

ನಾನು "ಹಾಂ" ಎಂದೆ, ಅಷ್ಟೇ. ಅಣ್ಣ ಈಗ ಶಿರೂರಿಗೆ ಬಸ್ಸಿನಲ್ಲಿ ಹೋಗುತ್ತಾನೆ. ಸ್ಟಾಪಿನಲ್ಲಿ ನನ್ನನ್ನು ಕಂಡರೆ "ಹ್ವಾಯ್, ಬತ್ಯಾ?" ಎಂದು ಅವನೇ ಕರೆಯುತ್ತಾನೆ. ಕೆಲಸ ಉಂಟು ಎನ್ನುತ್ತೇನೆ. ಆ ಮೊಳೆ ಹೊಡೆಯುವ ಹಟ ನನ್ನದು, ತಪ್ಪು ನನ್ನದು ಎಂದು ಇನ್ನೂ ಹೇಳಿಲ್ಲ.